ಬಾಡಿಗೆ ಮನೆ, ವೈದ್ಯರ ಪತ್ರ ಮತ್ತು ಒಂದು ನಾಯಿ: ಅಮೆರಿಕದ ಕಾನೂನು ಏನು ಹೇಳುತ್ತದೆ?

'ಸಾಕುಪ್ರಾಣಿಗಳಿಗೆ ಅವಕಾಶವಿಲ್ಲ' ಎಂಬ ಷರತ್ತು ಅಮೆರಿಕದ ಬಾಡಿಗೆ ಕರಾರುಗಳಲ್ಲಿ ಸಾಮಾನ್ಯ. ಅದಕ್ಕೆ ಸಹಿ ಹಾಕಿದ ಬಾಡಿಗೆದಾರರೊಬ್ಬರು ಕೆಲವು ತಿಂಗಳ ಬಳಿಕ ಚಿಕಿತ್ಸಕರ ಪತ್ರ ಹಿಡಿದು ಬಂದು, ತಮ್ಮ ಖಿನ್ನತೆಗೆ ಆಸರೆಯಾಗಿ ನಾಯಿಯೊಂದು ಬೇಕೆಂದು ಕೋರಿದರೆ ಮನೆಯೊಡೆಯ ಏನು ಮಾಡಬೇಕು? ಕರಾರುಪತ್ರವನ್ನು ತೋರಿಸಿ ನಿರಾಕರಿಸುವುದು ಸಹಜ. ಮೊಕದ್ದಮೆಗೆ ಹಾದಿ ಮಾಡಿಕೊಡುವುದೂ ಅದೇ ನಿರಾಕರಣೆ. ಅಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರೂ, ಓದಿಗೆಂದು ತೆರಳುವ ಕರ್ನಾಟಕದ ವಿದ್ಯಾರ್ಥಿಗಳೂ ತಿಳಿದಿರಬೇಕಾದ ವಿಷಯವಿದು.

ಇದರ ಮೂಲ 1968ರ ನ್ಯಾಯಸಮ್ಮತ ವಸತಿ ಕಾಯ್ದೆ, ಅಂದರೆ ಫೇರ್ ಹೌಸಿಂಗ್ ಆ್ಯಕ್ಟ್. ಮೊದಲಿಗೆ ಅದು ಜನಾಂಗ, ವರ್ಣ, ಧರ್ಮ ಮತ್ತು ರಾಷ್ಟ್ರಮೂಲದ ತಾರತಮ್ಯವನ್ನು ನಿಷೇಧಿಸಿತ್ತು. 1988ರ ತಿದ್ದುಪಡಿ ಅಂಗವೈಕಲ್ಯವನ್ನೂ, ಅದರೊಳಗೆ ಮಾನಸಿಕ ಅಸ್ವಾಸ್ಥ್ಯವನ್ನೂ ಸೇರಿಸಿತು. ಅಂಗವಿಕಲ ವ್ಯಕ್ತಿ ಮನೆಯನ್ನು ಇತರರಂತೆ ಸಮಾನವಾಗಿ ಅನುಭವಿಸಲು ಅಗತ್ಯವಾದ ಸಮಂಜಸ ಹೊಂದಾಣಿಕೆಯನ್ನು ನಿಯಮಗಳಲ್ಲಿ ಮಾಡಿಕೊಡದಿರುವುದೂ ತಾರತಮ್ಯವೇ ಎಂದು ಅದು ಸಾರಿತು. ಈ ನೋಟದಲ್ಲಿ ಆಸರೆಯ ಪ್ರಾಣಿಯು ಸಾಕುಪ್ರಾಣಿಯಲ್ಲ. ಊರುಗೋಲಿನಂತೆ ಒಂದು ಸಾಧನ.

ಇದನ್ನು ಸೇವಾ ಪ್ರಾಣಿಯೊಂದಿಗೆ ಬೆರೆಸಬಾರದು. ಅಂಧರಿಗೆ ದಾರಿ ತೋರುವ ನಾಯಿ ವಿಶೇಷ ತರಬೇತಿ ಪಡೆದಿರುತ್ತದೆ. 1990ರ ಅಂಗವಿಕಲರ ಕಾಯ್ದೆಯ ಬಲದಿಂದ ಹೋಟೆಲು, ಅಂಗಡಿಗಳಿಗೂ ಹೋಗಬಲ್ಲದು. ಭಾವನಾತ್ಮಕ ಆಸರೆಯ ಪ್ರಾಣಿಗೆ ಆ ಹಕ್ಕಿಲ್ಲ. 2021ರ ಜನವರಿಯಿಂದ ವಿಮಾನಯಾನ ಸಂಸ್ಥೆಗಳೂ ಅದನ್ನು ಸೇವಾ ಪ್ರಾಣಿಯೆಂದು ಪರಿಗಣಿಸಬೇಕಾಗಿಲ್ಲ. ಅದರ ನಿಜವಾದ ರಕ್ಷಣೆ ಇರುವುದು ವಸತಿಯಲ್ಲಿ.

ನ್ಯಾಯಾಲಯಗಳು ತೋರಿದ ದಾರಿ ಗಮನಾರ್ಹ. ಕ್ಯಾಲಿಫೋರ್ನಿಯಾದ ಆಬರ್ನ್ ವುಡ್ಸ್ ವಸತಿ ಸಂಘ ದಂಪತಿಯೊಂದರ ಪುಟ್ಟ ಟೆರಿಯರ್ ನಾಯಿಗೆ ಅನುಮತಿ ನಿರಾಕರಿಸಿತ್ತು. 2004ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ದಂಪತಿಯ ಪರ ನಿಂತಿತು. ನಾಯಿಗೆ ತರಬೇತಿ ಇಲ್ಲವೆಂಬ ವಾದ ನಿಲ್ಲಲಿಲ್ಲ. ಮನುಷ್ಯರೊಡನೆ ಒಡನಾಡುವ ಅದರ ಸಹಜ ಗುಣವೇ ಆ ಮನೆಯಲ್ಲಿ ಔಷಧವಾಗಿತ್ತೆಂಬುದು ನ್ಯಾಯಾಲಯದ ಅಭಿಪ್ರಾಯ. 2013ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕೆರ್ನಿ ಆವರಣಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ವಿದ್ಯಾರ್ಥಿ ವಸತಿಗೂ ಈ ಕಾಯ್ದೆ ಅನ್ವಯಿಸುತ್ತದೆಂದು ಫೆಡರಲ್ ನ್ಯಾಯಾಲಯ ತೀರ್ಮಾನಿಸಿತು. 2015ರ ರಾಜಿಯಲ್ಲಿ ವಿಶ್ವವಿದ್ಯಾಲಯ 1,40,000 ಡಾಲರ್ ತೆರಲು ಒಪ್ಪಿತು. ಒಂದು ಪುಟ್ಟ ಪಿನ್ಷರ್ ನಾಯಿಯನ್ನು ಹೊರಗಿಟ್ಟದ್ದಕ್ಕೆ ಇದು ದುಬಾರಿ ಬೆಲೆಯೇ ಸರಿ.

ಹಾಗೆಂದು ಮಾಲೀಕರು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ವೈಕಲ್ಯ ಕಣ್ಣಿಗೆ ಕಾಣದಿದ್ದಲ್ಲಿ, ಅದು ಇದೆಯೆಂಬುದಕ್ಕೂ ಪ್ರಾಣಿಯಿಂದ ಅದಕ್ಕೆ ಉಪಶಮನವಾಗುತ್ತದೆಂಬುದಕ್ಕೂ ವಿಶ್ವಾಸಾರ್ಹ ದಾಖಲೆ ಕೇಳಬಹುದು. ರೋಗದ ಹೆಸರು, ಚಿಕಿತ್ಸೆಯ ಕಡತ, ನುಂಗುವ ಮಾತ್ರೆಗಳ ಪಟ್ಟಿ ಕೇಳಲು ಹೋದರೆ ಎಡವಟ್ಟು. ನಿರ್ದಿಷ್ಟ ಪ್ರಾಣಿಯೊಂದು ಇತರರ ಸುರಕ್ಷತೆಗೆ ನೇರ ಅಪಾಯವೆಂದು, ಅಥವಾ ಕಟ್ಟಡಕ್ಕೆ ಗಣನೀಯ ಹಾನಿ ಮಾಡುವುದೆಂದು ತೋರಿಸಿದರೆ ನಿರಾಕರಿಸಬಹುದು. ಅದಕ್ಕೆ ಆಧಾರ ಆ ಪ್ರಾಣಿಯ ವರ್ತನೆಯಾಗಿರಬೇಕು; 'ಪಿಟ್‌ಬುಲ್ ಜಾತಿ ಕೆಟ್ಟದ್ದು' ಎಂಬ ಮಾತು ಸಾಲದು. ಪ್ರಾಣಿ ಬಾಗಿಲು ಕೆರೆದರೆ ದುರಸ್ತಿಯ ವೆಚ್ಚವನ್ನು ಬಾಡಿಗೆದಾರನೇ ಭರಿಸಬೇಕು. ಆದರೆ ಸಾಕುಪ್ರಾಣಿಗಳಿಗೆಂದು ಪಡೆಯುವ ಪ್ರತ್ಯೇಕ ಶುಲ್ಕವನ್ನು ಇಂಥವರಿಂದ ಪಡೆಯುವಂತಿಲ್ಲ ಎಂಬುದು ಬಹುಕಾಲದಿಂದ ನಡೆದು ಬಂದ ನಿಲುವು. ಫ್ಲಾರಿಡಾ ರಾಜ್ಯ ಅದನ್ನು ಕಾನೂನಿನಲ್ಲೇ ಬರೆದಿದೆ.

ಮಾಲೀಕರ ಅಸಲು ದೂರು ಬೇರೆ. ಅಂತರಜಾಲದಲ್ಲಿ ನಾಲ್ಕು ಪ್ರಶ್ನೆಗೆ ಉತ್ತರಿಸಿ ಹಣ ಕಟ್ಟಿದರೆ ಪ್ರಮಾಣಪತ್ರ ಕೈಸೇರುತ್ತದೆ. ಈ ದಂಧೆಯಿಂದ ಹೆಚ್ಚು ನೊಂದವರು ಮಾಲೀಕರಿಗಿಂತ ನಿಜವಾದ ರೋಗಿಗಳೇ. ಅವರ ಪತ್ರವೂ ಸಂಶಯದ ಕಣ್ಣಿಗೆ ಬೀಳುತ್ತಿದೆ. ಹಾಗಾಗಿ ಕ್ಯಾಲಿಫೋರ್ನಿಯಾ 2022ರ ಜನವರಿಯಿಂದ, ಆಸರೆಯ ನಾಯಿಗೆ ಪತ್ರ ಕೊಡುವ ಮುನ್ನ ಚಿಕಿತ್ಸಕರಿಗೂ ವ್ಯಕ್ತಿಗೂ ಕನಿಷ್ಠ 30 ದಿನಗಳ ಸಂಬಂಧವಿರಬೇಕೆಂದು ವಿಧಿಸಿತು. ಫ್ಲಾರಿಡಾದಲ್ಲಿ 2020ರಿಂದ ಸುಳ್ಳು ದಾಖಲೆ ಒದಗಿಸುವುದು ಅಪರಾಧ.

ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ 2020ರ ಜನವರಿಯಲ್ಲಿ ವಿಸ್ತೃತ ಮಾರ್ಗಸೂಚಿಯೊಂದನ್ನು ಹೊರಡಿಸಿತ್ತು. ಹಣಕ್ಕೆ ಕೊಂಡ ಪ್ರಮಾಣಪತ್ರವಷ್ಟೇ ಸಾಲದೆಂದು ಹೇಳಿದ್ದೂ, ಕೋತಿ, ಹಾವುಗಳಂಥ ಅಪರೂಪದ ಪ್ರಾಣಿಗಳಿಗೆ ಹೆಚ್ಚಿನ ಸಮರ್ಥನೆ ಬೇಕೆಂದದ್ದೂ ಅದರಲ್ಲೇ. 2025ರ ಸೆಪ್ಟೆಂಬರ್‌ನಲ್ಲಿ ಇಲಾಖೆ ಅದನ್ನು ಹಿಂತೆಗೆದುಕೊಂಡಿತು. ಮಾರ್ಗಸೂಚಿ ಹೋದ ಮಾತ್ರಕ್ಕೆ 1988ರ ತಿದ್ದುಪಡಿ ಅಳಿಯಲಿಲ್ಲ. ನ್ಯಾಯಾಲಯದ ತೀರ್ಪುಗಳಿಗೂ ರಾಜ್ಯ ಕಾನೂನುಗಳಿಗೂ ತೂಕ ಹೆಚ್ಚಿದೆ. ಆದ್ದರಿಂದ ಒಂದು ರಾಜ್ಯದಲ್ಲಿ ಕೇಳಿದ ಸಲಹೆ ಇನ್ನೊಂದರಲ್ಲಿ ನಡೆಯದೆ ಹೋಗಬಹುದು.

ಸಣ್ಣ ಮಾಲೀಕರಿಗೆ ಫೆಡರಲ್ ಕಾಯ್ದೆ ಒಂದಿಷ್ಟು ವಿನಾಯಿತಿ ಕೊಟ್ಟಿದೆ. ನಾಲ್ಕು ಅಥವಾ ಕಡಿಮೆ ಮನೆಗಳಿರುವ ಕಟ್ಟಡದಲ್ಲಿ ಮಾಲೀಕರೇ ವಾಸವಿದ್ದರೆ ಅದು ಅನ್ವಯಿಸುವುದಿಲ್ಲ. ಮೂರಕ್ಕಿಂತ ಹೆಚ್ಚು ಮನೆಗಳಿಲ್ಲದವರು ದಲ್ಲಾಳಿಯ ನೆರವಿಲ್ಲದೆ ಬಾಡಿಗೆಗೆ ಕೊಟ್ಟ ಒಂಟಿ ಮನೆಗೂ ಸಾಮಾನ್ಯವಾಗಿ ವಿನಾಯಿತಿಯಿದೆ. ರಾಜ್ಯ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು.

ಮನವಿ ಬಾಯಿಮಾತಿನಲ್ಲಿ ಬಂದರೂ ಉತ್ತರ ಬರಹದಲ್ಲಿ, ತಡವಿಲ್ಲದೆ ಹೋಗುವುದು ಲೇಸು. ವಿನಾಕಾರಣ ವಿಳಂಬವನ್ನು ನಿರಾಕರಣೆಯೆಂದೇ ಎಣಿಸಿದ ಉದಾಹರಣೆಗಳಿವೆ. ನಿರಾಕರಿಸಲ್ಪಟ್ಟ ಬಾಡಿಗೆದಾರರು ಇಲಾಖೆಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು, ನ್ಯಾಯಾಲಯದಲ್ಲಿ ಎರಡು ವರ್ಷದೊಳಗೆ ದಾವೆ ಹೂಡಬಹುದು.