ಚುಟುಕು ಸುದ್ದಿಗೆ ಅಂಕಿತ ಯಾರದು?

ನಮ್ಮ ತಾತನ ಕಾಲದಲ್ಲಿ ಮನೆಗೆ ತಂತಿ ಬಂದಿತೆಂದರೆ ಮೊದಲು ಅಳು, ಆಮೇಲೆ ಓದು. ಹಳ್ಳಿಯವರ ಪಾಲಿಗೆ ತಂತಿ ತರುತ್ತಿದ್ದುದು ಬಹುಮಟ್ಟಿಗೆ ಸಾವಿನ ಸುದ್ದಿಯನ್ನೇ. ಒಮ್ಮೆ ತಂತಿಯವನು ಬಾಗಿಲಲ್ಲಿ ಸೈಕಲ್ಲಿನಿಂದ ಇಳಿದದ್ದೇ ತಡ, ನಮ್ಮ ಅಜ್ಜಿ ಎದೆ ಬಡಿದುಕೊಂಡು ಅಳತೊಡಗಿದಳಂತೆ. ಅಕ್ಕಪಕ್ಕದ ಹೆಂಗಸರು ಬಂದು ದನಿಗೂಡಿಸಿದರಂತೆ. ಕೊನೆಗೆ ಇಂಗ್ಲಿಷ್ ಬಲ್ಲ ಶಾಲೆಯ ಮೇಷ್ಟರನ್ನು ಕರೆಸಿ ಓದಿಸಿದರೆ, ಮುಂಬಯಿಯಲ್ಲಿದ್ದ ಚಿಕ್ಕಪ್ಪನಿಗೆ ನೌಕರಿ ಖಾಯಂ ಆದ ಸುದ್ದಿ! ಆ ಕಾಗದ ಈಗಲೂ ನನ್ನ ಬಳಿ ಇದೆ. ಅದರಲ್ಲಿರುವುದು ಐದೇ ಮಾತು. ಆದರೆ ಆ ಐದು ಮಾತಿನ ಸುತ್ತ ಕಚೇರಿಯ ಮೊಹರು, ತಾರೀಖು, ವೇಳೆ, ಕಡೆಯಲ್ಲಿ ಕಳುಹಿಸಿದವನ ಹೆಸರು, ಎಲ್ಲವೂ ಇವೆ.

ಮೊನ್ನೆ ತರಗತಿಯಲ್ಲಿ ಒಂದು ಹಳೆಯ ಕಥೆಯನ್ನು ಪಾಠ ಮಾಡುತ್ತಿದ್ದೆ. ಕಥೆಯ ನಡುವೆ ನಾಯಕನಿಗೆ ತಂತಿ ಬರುತ್ತದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ತಂತಿ ಅಂದರೆ ವೀಣೆಯ ತಂತಿಯೇ ಸಾರ್?" ಎಂದು ಕೇಳಿದಳು. ನಗು ಬಂತಾದರೂ ತಪ್ಪು ಅವಳದಲ್ಲ. ೨೦೧೩ರ ಜುಲೈ ೧೪ರ ರಾತ್ರಿ ನಮ್ಮ ದೇಶದ ತಂತಿ ಕಚೇರಿಗಳು ಕೊನೆಯ ಸಂದೇಶಗಳನ್ನು ಸ್ವೀಕರಿಸಿ ಬಾಗಿಲು ಹಾಕಿದಾಗ ಅವಳು ಇನ್ನೂ ಅಕ್ಷರ ಕಲಿಯುವ ಮಗು. ಅವಳ ಕೈಯಲ್ಲಿರುವ ಮೊಬೈಲಿನಲ್ಲಿ ದಿನಕ್ಕೆ ನೂರು ಚುಟುಕು ಸುದ್ದಿ ಬಂದು ಬೀಳುತ್ತವೆ. ಅವಕ್ಕೂ ನನ್ನ ಪೆಟ್ಟಿಗೆಯಲ್ಲಿರುವ ಆ ಕಾಗದಕ್ಕೂ ಇರುವ ರಕ್ತಸಂಬಂಧವನ್ನು ಅವಳಿಗೆ ಹೇಳಬೇಕೆನಿಸಿತು. ಅಂದು ಗಂಟೆ ಹೊಡೆದುಬಿಟ್ಟದ್ದರಿಂದ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ದೇಶಕ್ಕೆ ತಂತಿಯನ್ನು ತಂದವನು ವಿಲಿಯಂ ಓಷಾನೆಸಿ ಎಂಬ ವೈದ್ಯ. ೧೮೩೯ರಲ್ಲಿಯೇ ಅವನು ಕಲ್ಕತ್ತೆಯ ಬಳಿ ಮೈಲಿಗಟ್ಟಲೆ ತಂತಿ ಎಳೆದು ಪ್ರಯೋಗ ನಡೆಸಿದ್ದನು. ೧೮೫೧ರ ವೇಳೆಗೆ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನವರೆಗೆ ಸರ್ಕಾರದ ತಂತಿ ಮಾರ್ಗ ಸಿದ್ಧವಾಯಿತು. ಡೈಮಂಡ್ ಹಾರ್ಬರ್ ಎಂದರೆ ಹೂಗ್ಲಿ ನದಿಯ ದಡದಲ್ಲಿ ಹಡಗುಗಳು ಬಂದು ಹೋಗುವ ತಾಣ. ಯಾವ ಹಡಗು ಬಂತು, ಯಾವುದು ಹೊರಟಿತು ಎಂಬುದು ಕಲ್ಕತ್ತೆಯ ವರ್ತಕರಿಗೆ ಪ್ರಾಣದಷ್ಟೇ ಮುಖ್ಯವಾದ ಸಂಗತಿ. ೧೮೫೫ರಲ್ಲಿ ತಂತಿ ಸಾರ್ವಜನಿಕರಿಗೂ ದೊರೆಯಿತು. ೧೮೭೦ರಲ್ಲಿ ಕಡಲಡಿಯ ತಂತಿ ಇಂಗ್ಲೆಂಡನ್ನೂ ಮುಂಬಯಿಯನ್ನೂ ಜೋಡಿಸಿತು.

ಯೂರೋಪಿನಲ್ಲಿಯೂ ಕಥೆ ಇದೇ. ೧೮೫೦ರಲ್ಲಿ ಜರ್ಮನಿಯ ಆಕೆನ್ ನಗರಕ್ಕೂ ಬೆಲ್ಜಿಯಮಿನ ಬ್ರಸೆಲ್ಸ್ ನಗರಕ್ಕೂ ನಡುವೆ ತಂತಿ ಇರಲಿಲ್ಲ. ಪಾಲ್ ಜೂಲಿಯಸ್ ರಾಯ್ಟರ್ ಎಂಬಾತ ಪಾರಿವಾಳಗಳ ಕಾಲಿಗೆ ಚೀಟಿ ಕಟ್ಟಿ ಆ ಅಂತರವನ್ನು ತುಂಬಿದನು. ರೈಲಿನ ಅಂಚೆಗಿಂತ ಮೊದಲೇ ತಲುಪುತ್ತಿದ್ದ ಆ ಚೀಟಿಗಳಲ್ಲಿ ಇದ್ದುದು ಮುಖ್ಯವಾಗಿ ಷೇರುಪೇಟೆಯ ಬೆಲೆಗಳು. ಮರುವರ್ಷ ಅವನು ಲಂಡನ್ನಿನಲ್ಲಿ ಕಚೇರಿ ತೆರೆದನು. ಇಂದು ಜಗತ್ತಿನ ಪತ್ರಿಕೆಗಳೆಲ್ಲ ಬಲ್ಲ ರಾಯಿಟರ್ಸ್ ಸುದ್ದಿಸಂಸ್ಥೆ ಹುಟ್ಟಿದ್ದು ಹೀಗೆ. ಚುಟುಕು ಸಂದೇಶವನ್ನು ವ್ಯಾಪಾರಕ್ಕೆ ಬಳಸುವುದು ಈಚಿನವರ ಚಾಳಿಯೆಂದು ಯಾರೂ ಭಾವಿಸಬೇಕಾಗಿಲ್ಲ. ವ್ಯಾಪಾರ ಮತ್ತು ಸುದ್ದಿ ಒಂದೇ ತೊಟ್ಟಿಲಲ್ಲಿ ಬೆಳೆದ ಮಕ್ಕಳು.

ತಂತಿಯಲ್ಲಿ ಮಾತು ಮಾತಿಗೂ ಕಾಸು ತೆರಬೇಕಾಗಿತ್ತು. ಆದ್ದರಿಂದ ಬರೆಯುವವನು ಮಾತನ್ನು ತೂಗಿ ಬಳಸಿದನು. ಆ ಬಿಗಿ ಈಗಿನ ಚುಟುಕಿಗೂ ಇಳಿದು ಬಂದಿದೆ, ಆದರೆ ಬೇರೆ ಕಾರಣದಿಂದ. ೧೯೮೫ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರು ಬೆರಳಚ್ಚು ಯಂತ್ರದ ಮುಂದೆ ಕುಳಿತು, ತೋಚಿದ ವಾಕ್ಯಗಳನ್ನು ಒತ್ತುತ್ತ ಅಕ್ಷರಗಳನ್ನು ಎಣಿಸಿದನು. ಬಹುಪಾಲು ಸಂಗತಿಗಳು ೧೬೦ ಅಕ್ಷರಗಳೊಳಗೆ ಮುಗಿಯುತ್ತಿದ್ದವು. ಜನ ಬರೆಯುವ ಪೋಸ್ಟ್ ಕಾರ್ಡುಗಳನ್ನು ನೋಡಿದರೆ ಅಲ್ಲಿಯೂ ಅಷ್ಟೇ. ಮೊಬೈಲಿನ ಸಂದೇಶಕ್ಕೆ ೧೬೦ ಅಕ್ಷರವೆಂಬ ಮಿತಿ ಹೀಗೆ ಬಂತು. ೧೯೯೨ರ ಡಿಸೆಂಬರ್ ೩ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವಕ ಕಳುಹಿಸಿದ ಮೊದಲ ಸಂದೇಶ ಕ್ರಿಸ್ಮಸ್ ಶುಭಾಶಯ. ನಮ್ಮ ಕಾರ್ಡಿನ ಸೋದರನೇ ಈ ಮೊಬೈಲ್ ಸಂದೇಶ!

ಕನ್ನಡದ ಮೇಷ್ಟರಾದ ನನಗೆ ಇಲ್ಲಿ ಒಂದು ತಕರಾರಿದೆ. ಆ ೧೬೦ ರೋಮನ್ ಲಿಪಿಗೆ ಹೇಳಿದ ಲೆಕ್ಕ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಸಂದೇಶಕ್ಕೆ ಸಿಕ್ಕುವುದು ೭೦ ಮಾತ್ರ. ಅದರಲ್ಲಿಯೂ ಯಂತ್ರಕ್ಕೆ ನಮ್ಮ ಅಕ್ಷರದ ಕಲ್ಪನೆಯೇ ಇಲ್ಲ. 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಅದು ಆರು ಎಂದು ಎಣಿಸುತ್ತದೆ. ಒತ್ತಕ್ಷರದ ಭಾಷೆಗೆ ಇದು ಒತ್ತುವರಿಯಲ್ಲದೆ ಮತ್ತೇನು?

೨೦೦೬ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಓಡಿಯೊ ಎಂಬ ಸಣ್ಣ ಕಂಪನಿಯಲ್ಲಿ ಜ್ಯಾಕ್ ಡಾರ್ಸಿ ಎಂಬ ತರುಣನಿದ್ದನು. ಬಾಡಿಗೆ ಕಾರುಗಳೂ ಆಂಬುಲೆನ್ಸುಗಳೂ ತಾವಿರುವ ಜಾಗವನ್ನು ಎರಡು ಮಾತಿನಲ್ಲಿ ತಿಳಿಸುತ್ತ ಊರೆಲ್ಲ ಸುತ್ತುವ ರೀತಿ ಅವನನ್ನು ಬಾಲ್ಯದಿಂದಲೂ ಸೆಳೆದಿತ್ತಂತೆ. ಮನುಷ್ಯರೂ ಹಾಗೆಯೇ ತಮ್ಮ ಇರವನ್ನು ಎಲ್ಲರಿಗೂ ತಿಳಿಸುವಂತಾದರೆ? ಆ ವರ್ಷದ ಮಾರ್ಚ್ ೨೧ರಂದು ಅವನು ಮೊದಲ ಸಂದೇಶವನ್ನು ಹಾಕಿದನು. ಹಕ್ಕಿಯ ಚಿಲಿಪಿಲಿ ಎಂಬ ಅರ್ಥದಲ್ಲಿ ಅದಕ್ಕೆ ಟ್ವಿಟರ್ ಎಂದು ಹೆಸರಾಯಿತು. ಮೊಬೈಲ್ ಸಂದೇಶದ ೧೬೦ ಅಕ್ಷರಗಳಲ್ಲಿ ೨೦ನ್ನು ಬರೆದವನ ಹೆಸರಿಗೆ ಬಿಟ್ಟು ಉಳಿದ ೧೪೦ನ್ನು ಮಾತಿಗೆ ಇಟ್ಟರು. ಹೆಸರಿಗೆಂದು ಜಾಗ ಕಾದಿರಿಸಿದ್ದನ್ನು ಓದುಗರು ನೆನಪಿನಲ್ಲಿಡಬೇಕು. ಮಿತಿ ೨೮೦ಕ್ಕೆ ಏರಿದ್ದು ೨೦೧೭ರಲ್ಲಿ.

೨೦೦೭ರ ಮಾರ್ಚಿನಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಒಂದು ಉತ್ಸವದಲ್ಲಿ ಇದರ ರುಚಿ ಜನಕ್ಕೆ ಹತ್ತಿತು. ದಿನಕ್ಕೆ ೨೦,೦೦೦ದಷ್ಟಿದ್ದ ಸಂದೇಶಗಳು ೬೦,೦೦೦ಕ್ಕೆ ಏರಿದವು. ಆ ಆಗಸ್ಟಿನಲ್ಲಿ ಕ್ರಿಸ್ ಮೆಸ್ಸಿನಾ ಎಂಬಾತನು ಒಂದೇ ವಿಷಯದ ಮಾತುಗಳನ್ನು ಒಂದು ಗುರುತಿನಡಿ ಕೂಡಿಸುವ ಉಪಾಯ ಸೂಚಿಸಿದನು. ಹ್ಯಾಷ್‌ಟ್ಯಾಗ್ ಹುಟ್ಟಿದ್ದು ಆಗ.

ವ್ಯಾಪಾರಿಗಳು ಹಿಂದೆ ಬೀಳುವವರೇ? ೨೦೦೮ರ ಕೊನೆಯಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಕೋಗಿ ಎಂಬ ತಿಂಡಿಯ ಗಾಡಿಯೊಂದು ಹೊರಟಿತು. ಅದಕ್ಕೆ ನಿಂತ ಅಂಗಡಿಯಿಲ್ಲ. ಈ ರಾತ್ರಿ ಯಾವ ಬೀದಿಯ ಮೂಲೆಯಲ್ಲಿ ನಿಲ್ಲುತ್ತೇವೆಂದು ಟ್ವಿಟರಿನಲ್ಲಿ ಸಾರಿದರೆ ಸಾಕು, ಅಲ್ಲಿ ಜನ ಸಾಲುಗಟ್ಟುತ್ತಿದ್ದರು. ನಮ್ಮ ಊರುಗಳಲ್ಲಿ ತಮಟೆ ಬಡಿದು ಸಂತೆಯ ಸುದ್ದಿ ಸಾರುತ್ತಿದ್ದವನ ಕೆಲಸವೇ ಇದು. ತಮಟೆ ಮಾತ್ರ ಬೇರೆ. ದೊಡ್ಡವರೂ ಬಂದರು. ಕಂಪ್ಯೂಟರ್ ಮಾರುವ ಡೆಲ್ ಕಂಪನಿ, ರಿಯಾಯಿತಿಯ ಸುದ್ದಿಗಳನ್ನು ಅಲ್ಲಿ ಹಾಕಿ ೩೦ ಲಕ್ಷ ಡಾಲರಿನ ವ್ಯಾಪಾರವಾಯಿತೆಂದು ೨೦೦೯ರಲ್ಲಿ ಹೇಳಿಕೊಂಡಿತು.

ಸುದ್ದಿಯ ಮಾತಂತೂ ಹೇಳಬೇಕಾಗಿಯೇ ಇಲ್ಲ. ೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನವೊಂದು ಇಳಿಯಿತು. ಅದರಲ್ಲಿದ್ದ ೧೫೫ ಮಂದಿಯೂ ಬದುಕಿ ಉಳಿದರು. ರೆಕ್ಕೆಯ ಮೇಲೆ ನಿಂತ ಪ್ರಯಾಣಿಕರ ಚಿತ್ರವನ್ನು ನೆರವಿಗೆ ಧಾವಿಸುತ್ತಿದ್ದ ದೋಣಿಯೊಂದರಿಂದ ಒಬ್ಬ ಸಾಮಾನ್ಯ ಪ್ರಯಾಣಿಕ ತೆಗೆದು ಲೋಕಕ್ಕೆ ತೋರಿಸಿದನು. ೨೦೧೫ರ ಡಿಸೆಂಬರಿನಲ್ಲಿ ಚೆನ್ನೈ ನೀರಿನಲ್ಲಿ ಮುಳುಗಿದಾಗ, ಎಲ್ಲಿ ಅನ್ನವಿದೆ, ಎಲ್ಲಿ ದೋಣಿ ಬೇಕು ಎಂಬ ಚುಟುಕುಗಳು ಎಷ್ಟೋ ಮಂದಿಗೆ ಆಸರೆಯಾದವು. ಇವನ್ನು ಮರೆತು ಹೊಸದನ್ನೆಲ್ಲ ಹಳಿಯುವುದು ನ್ಯಾಯವಲ್ಲ.

ಆದರೆ ನನ್ನ ಮನಸ್ಸನ್ನು ಕೊರೆಯುವ ಪ್ರಶ್ನೆ ಬೇರೆ. ಚುಟುಕು ಮಾತು ಕನ್ನಡಕ್ಕೆ ಹೊಸದೇನಲ್ಲ. ವಚನಕಾರರು ನಾಲ್ಕಾರು ಸಾಲಿನಲ್ಲಿ ನುಡಿದರು. ಸರ್ವಜ್ಞ ಮೂರೇ ಸಾಲಿನಲ್ಲಿ ಮುಗಿಸಿದನು. ಆದರೆ ವಚನದ ಕೊನೆಗೆ ಒಂದು ಅಂಕಿತವಿರುತ್ತಿತ್ತು. ಕೂಡಲಸಂಗಮದೇವ ಎಂದೊಡನೆ ಇದು ಬಸವಣ್ಣನ ಮಾತೆಂದು ತಿಳಿಯುತ್ತಿತ್ತು. ಅಂಕಿತವೆಂದರೆ ಬರಿಯ ಅಲಂಕಾರವಲ್ಲ. ತಾನು ನಂಬಿದ ದೈವವನ್ನು ಸಾಕ್ಷಿಯಾಗಿ ನಿಲ್ಲಿಸಿ, 'ಈ ಮಾತಿಗೆ ನಾನು ಹೊಣೆ' ಎಂದು ಹೇಳುವ ಬಗೆ. ಈಗಿನ ಚುಟುಕಿನ ಅಂಕಿತ ಯಾರದು?

೨೦೧೩ರ ಏಪ್ರಿಲ್ ೨೩ರಂದು ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಗೆ ಯಾರೋ ಕನ್ನ ಹಾಕಿ, ಶ್ವೇತಭವನದಲ್ಲಿ ಸ್ಫೋಟವಾಗಿ ಅಧ್ಯಕ್ಷ ಒಬಾಮ ಗಾಯಗೊಂಡರೆಂದು ಬರೆದರು. ಕೆಲವೇ ನಿಮಿಷಗಳಲ್ಲಿ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ೧೪೦ ಅಂಶಗಳಷ್ಟು ಕುಸಿಯಿತು. ಸುಳ್ಳೆಂದು ತಿಳಿದ ಮೇಲೆ ಅಷ್ಟೇ ಬೇಗ ಚೇತರಿಸಿತು. ಅಲ್ಲಿ ಅಂಕಿತವನ್ನೇ ಕದ್ದಿದ್ದರು. ಮುಂದೆ ಅಂಕಿತ ಮಾರಾಟಕ್ಕೂ ಬಂತು. ಇಂಥವರೇ ಇವರು ಎಂದು ಪರಿಶೀಲಿಸಿ ಕೊಡುತ್ತಿದ್ದ ನೀಲಿ ಗುರುತನ್ನು, ೨೦೨೨ರಲ್ಲಿ ಈಲಾನ್ ಮಸ್ಕ್ ಟ್ವಿಟರನ್ನು ಕೊಂಡ ಬಳಿಕ, ತಿಂಗಳಿಗೆ ೮ ಡಾಲರಿಗೆ ಕೊಡತೊಡಗಿದರು. ಆ ನವೆಂಬರಿನಲ್ಲಿ ಯಾರೋ ಔಷಧ ತಯಾರಿಸುವ ಎಲಿ ಲಿಲ್ಲಿ ಕಂಪನಿಯ ಹೆಸರಿಟ್ಟುಕೊಂಡು, ನೀಲಿ ಗುರುತನ್ನೂ ಕೊಂಡು, 'ಇನ್ಸುಲಿನ್ ಇನ್ನು ಉಚಿತ' ಎಂದು ಸಾರಿದರು. ನಿಜವಾದ ಕಂಪನಿ ಕ್ಷಮೆ ಕೇಳಬೇಕಾಯಿತು. ೨೦೨೩ರಲ್ಲಿ ಟ್ವಿಟರ್ ಎಂಬ ಹೆಸರೂ ಹೋಗಿ ಎಕ್ಸ್ ಆಯಿತು. ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿ, ಮೊದಲು ಕನ್ನಡದಲ್ಲಿ ನುಡಿದ 'ಕೂ' ಎಂಬ ಹಕ್ಕಿ ೨೦೨೦ರಲ್ಲಿ ಹಾರಿ ೨೦೨೪ರಲ್ಲಿ ರೆಕ್ಕೆ ಮುಚ್ಚಿತು. ಹಕ್ಕಿಗಳು ಹೋದರೂ ಚಿಲಿಪಿಲಿ ನಿಂತಿಲ್ಲ.

ಸುಳ್ಳಿನ ವೇಗವನ್ನು ಅಳೆದವರೂ ಇದ್ದಾರೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯವರು, ೨೦೦೬ರಿಂದ ೨೦೧೭ರವರೆಗೆ ಟ್ವಿಟರಿನಲ್ಲಿ ಹರಡಿದ ಸುಮಾರು ೧,೨೬,೦೦೦ ಸುದ್ದಿಗಳನ್ನು ಪರಿಶೀಲಿಸಿ ೨೦೧೮ರಲ್ಲಿ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳನ್ನು ಜನ ಮುಂದಕ್ಕೆ ದಾಟಿಸುವ ಸಂಭವ ಶೇಕಡಾ ೭೦ರಷ್ಟು ಹೆಚ್ಚು. ಇದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಮನುಷ್ಯರೇ.

ಈ ಮಾತನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ಮನುಷ್ಯರಲ್ಲಿ ನಾನೂ ಒಬ್ಬ.

೨೦೧೨ರ ಆಗಸ್ಟ್ ತಿಂಗಳು. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ನನಗೂ ಒಂದು ಬಂತು. ನಮ್ಮ ಬೀದಿಯ ಕಟ್ಟಡವೊಂದರಲ್ಲಿ ಅಸ್ಸಾಮಿನ ಹುಡುಗನೊಬ್ಬ ಕಾವಲಿಗಿದ್ದ. ಬೆಳಗ್ಗೆ ಕಾಲೇಜಿಗೆ ಹೊರಟಾಗ ನಮಸ್ಕಾರ ಹೇಳುತ್ತಿದ್ದ. ನಾನು ಒಂದೆರಡು ಕನ್ನಡ ಮಾತು ಕಲಿಸುತ್ತಿದ್ದೆ. ಒಳ್ಳೆಯ ಉದ್ದೇಶದಿಂದಲೇ ಆ ಸಂದೇಶವನ್ನು ಓದಿ ಹೇಳಿ, "ಹುಷಾರಾಗಿರಪ್ಪ" ಎಂದೆ.

ಅವನು ನನ್ನ ಮುಖವನ್ನೇ ನೋಡಿ, "ಸಾರ್, ಇದು ನಿಜಾನಾ?" ಎಂದು ಕೇಳಿದ.

"ಗೊತ್ತಿಲ್ಲಪ್ಪ. ಹೀಗೆ ಬಂದಿದೆ" ಎಂದೆ.

ಅವನಿಗೆ ನನ್ನ 'ಗೊತ್ತಿಲ್ಲ' ಕೇಳಿಸಲಿಲ್ಲ. ಓದಿದ ಮೇಷ್ಟರು ಹೇಳುತ್ತಿದ್ದಾರೆ ಎಂಬುದಷ್ಟೇ ಕೇಳಿಸಿತು. ಮರುದಿನ ಅವನ ಕುರ್ಚಿ ಬರಿದಾಗಿತ್ತು. ಆ ದಿನಗಳಲ್ಲಿ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗಸ್ಟ್ ೧೭ರಂದು ಕೇಂದ್ರ ಸರ್ಕಾರ, ಹದಿನೈದು ದಿನಗಳ ಕಾಲ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸದಂತೆ ಕಟ್ಟು ಹಾಕಿತು. ಸಂದೇಶಗಳು ಸಾರಿದ ಆ ದಾಳಿ ಬರಲೇ ಇಲ್ಲ. ಹೋದವರಲ್ಲಿ ಎಷ್ಟೋ ಮಂದಿ ಹಿಂತಿರುಗಿದರು. ನಮ್ಮ ಬೀದಿಯ ಹುಡುಗ ಬರಲಿಲ್ಲ. ಗೋಡೆಗೆ ಒರಗಿಸಿದ್ದ ಅವನ ಸೈಕಲ್ಲು ಬಹಳ ದಿನ ಅಲ್ಲಿಯೇ ಮಳೆಯಲ್ಲಿ ನೆನೆಯುತ್ತಿತ್ತು.

ಆ ಸಂದೇಶವನ್ನು ಬರೆದವನು ಯಾರೋ ನನಗೆ ತಿಳಿಯದು. ಅದರಲ್ಲಿ ಹೆಸರಿರಲಿಲ್ಲ, ಊರಿರಲಿಲ್ಲ, ಮೊಹರಿರಲಿಲ್ಲ. ಆದರೆ ಆ ಹುಡುಗನ ಪಾಲಿಗೆ ಅದು ಅನಾಮಧೇಯವಾಗಿರಲಿಲ್ಲ. ನನ್ನ ಬಾಯಿಂದ ಬಂದದ್ದರಿಂದ ಅದಕ್ಕೆ ನನ್ನದೇ ಅಂಕಿತ ಬಿದ್ದಿತ್ತು. ಯಾರೋ ಹೇಳಿದ ಮಾತನ್ನು ನಾವು ದಾಟಿಸುತ್ತೇವಷ್ಟೆ ಎಂದುಕೊಳ್ಳುತ್ತೇವೆ. ಕೇಳುವವನು ನಂಬುವುದು ಆ ಯಾರನ್ನೋ ಅಲ್ಲ, ನಮ್ಮನ್ನು.

ತಂತಿಯ ಕಾಲದಲ್ಲಿ ಸುಳ್ಳು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸುಳ್ಳು ಕಳುಹಿಸಬೇಕಾದರೂ ಕಚೇರಿಗೆ ನಡೆದು, ಫಾರಂ ತುಂಬಿ, ಕಾಸು ಎಣಿಸಿ ಕೊಡಬೇಕಾಗಿತ್ತು. ಅಷ್ಟರಲ್ಲಿ ಮನಸ್ಸು ಒಮ್ಮೆಯಾದರೂ ಹಿಂದಿರುಗಿ ನೋಡುತ್ತಿತ್ತು. ಈಗ ಮಾತು ಪುಕ್ಕಟೆ. ತೂಗುವ ತಕ್ಕಡಿಯನ್ನು ನಾವೇ ಕೈಯಲ್ಲಿ ಹಿಡಿಯಬೇಕು.

ನಾಳೆ ಆ ಹಳೆಯ ಕಾಗದವನ್ನು ತರಗತಿಗೆ ಒಯ್ಯುತ್ತೇನೆ. ಚಿಕ್ಕಪ್ಪನ ಐದು ಮಾತುಗಳನ್ನು ಆ ಹುಡುಗಿಗೆ ಓದಲು ಹೇಳುತ್ತೇನೆ. ಆಮೇಲೆ ಕೆಳಗಿರುವ ಅವನ ಹೆಸರನ್ನೂ ಓದಿಸುತ್ತೇನೆ.