ಜಾರುವ ಚಕ್ರದ ಚರಿತ್ರೆ

ಮಳೆಗಾಲದಲ್ಲಿ ಊರಿಗೆ ಬರುವುದು ನಿಮ್ಮ ಕೈಯಲ್ಲಿದೆ, ಹೊರಡುವುದು ಮಳೆಯ ಕೈಯಲ್ಲಿದೆ ಎಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಅವರ ಕಾಲಕ್ಕೆ ಹಳ್ಳ ಉಕ್ಕಿ ದಾರಿ ಕಟ್ಟುತ್ತಿತ್ತು. ನಾವು ಮುಂಬಯಿಯಿಂದ ಕಾರಿನಲ್ಲೇ ಮೂಡಿಗೆರೆಯ ಕಡೆಯ ನಮ್ಮ ಹಳ್ಳಿಗೆ ಹೋಗಿ, ಹೊರಡುವ ದಿನ ಬೆಳಿಗ್ಗೆ ಅಂಗಳ ದಾಟುವುದರೊಳಗೇ ಕೆಸರಿನಲ್ಲಿ ಹೂತು ನಿಂತಾಗ ಆ ಮಾತು ನೆನಪಾಯಿತು.

ಕಾರು ನಡೆಸುತ್ತಿದ್ದವನು ನನ್ನ ತಂಗಿಯ ಮಗ. ಅವನು ಎಷ್ಟು ಆಕ್ಸಿಲರೇಟರ್ ಒತ್ತಿದರೂ ಎಂಜಿನ್ನು ಒಮ್ಮೆ ಮುಲುಗಿ, ಯಾರೋ ಗಂಟಲು ಹಿಡಿದಂತೆ ಸುಮ್ಮನಾಗುತ್ತಿತ್ತು. ಎದುರಿನ ಫಲಕದಲ್ಲಿ ಜಾರುತ್ತಿರುವ ಕಾರಿನ ಚಿತ್ರವುಳ್ಳ ಹಳದಿ ದೀಪವೊಂದು ಮಿನುಗುತ್ತಿತ್ತು. ಪಿಕಪ್ ಓಡಿಸುವ ಪಕ್ಕದ ಮನೆಯ ಹುಡುಗ ಬಂದು ನೋಡಿ, "ಆ ಗುಂಡಿ ಒತ್ತಿ ಆಫ್ ಮಾಡಿ ಅಣ್ಣಾ, ಅದೇ ಗಾಲಿ ಹಿಡಿದಿರೋದು" ಎಂದ. ಒತ್ತಿದ್ದೇ ತಡ, ಗಾಲಿಗಳು ಗಿರ್ರನೆ ತಿರುಗಿ, ಬೀಳ್ಕೊಡಲು ನಿಂತಿದ್ದ ನಂಟರ ಮೇಲೆಲ್ಲ ಕೆಸರಿನ ಓಕುಳಿ ಎರಚಿ, ಕಾರು ಮೇಲೆ ಬಂತು. ನಗುನಗುತ್ತ ಹೊರಟೆವು. ಆ ಗುಂಡಿಯನ್ನು ಮತ್ತೆ ಒತ್ತುವುದು ಯಾರಿಗೂ ನೆನಪಾಗಲಿಲ್ಲ.

ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಹುಡುಗ ಗಾಬರಿಯಿಂದ ಬ್ರೇಕು ಒತ್ತಿ ಸ್ಟಿಯರಿಂಗ್ ತಿರುಗಿಸಿದ. ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಪ್ರಪಾತದ ಕಡೆಗೆ ತೂಗಿತು. ರಸ್ತೆಯ ಅಂಚಿನ ಕಟ್ಟೆಗೂ ಕಾರಿಗೂ ಒಂದು ಮೊಳ ಅಂತರವಿದ್ದಾಗ ನಿಂತೆವು. ಹಿಂದಿನ ಸೀಟಿನಲ್ಲಿ ನನ್ನ ತಂಗಿಯೂ ಮೂರು ವರ್ಷದ ಮೊಮ್ಮಗಳೂ ಇದ್ದರು. ಮುಂಬಯಿಗೆ ಮರಳಿದ ಮೇಲೆ ಆ ಗುಂಡಿಯ ಪೂರ್ವೋತ್ತರವನ್ನು ಹುಡುಕಿ ಓದಿದೆ.

ಗಾಲಿ ಜಾರುವುದು ಎರಡು ಬಗೆ. ಬ್ರೇಕು ಒತ್ತಿದಾಗ ಗಾಲಿ ಕಚ್ಚಿಕೊಂಡು ತಿರುಗದೆ ಜಾರುವುದು ಒಂದು. ಎಂಜಿನ್ನಿನ ಬಲಕ್ಕೆ ಗಾಲಿ ನಿಂತಲ್ಲೇ ಸುತ್ತುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದು ಸಿಕ್ಕಿದ್ದು ವಿಮಾನಗಳಲ್ಲಿ. ಒದ್ದೆ ಓಡುದಾರಿಯಲ್ಲಿ ಇಳಿಯುವ ವಿಮಾನದ ಗಾಲಿ ಕಚ್ಚಿಕೊಂಡರೆ ಟೈರು ಸಿಡಿಯುತ್ತಿತ್ತು. 1950ರ ದಶಕದಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿ ತಯಾರಿಸಿದ ಮ್ಯಾಕ್ಸರೆಟ್ ಎಂಬ ಯಂತ್ರ, ಗಾಲಿ ಕಚ್ಚಿಕೊಳ್ಳುವ ಕ್ಷಣದಲ್ಲಿ ಬ್ರೇಕನ್ನು ತುಸು ಸಡಿಲಿಸಿ ಮತ್ತೆ ಹಿಡಿಯುತ್ತಿತ್ತು. 1966ರಲ್ಲಿ ಅದನ್ನು ಜೆನ್ಸನ್ ಎಫ್‌ಎಫ್ ಎಂಬ ಕಾರಿಗೆ ಅಳವಡಿಸಿದರು. ದುಬಾರಿ ಕಾರು, ಮುನ್ನೂರ ಚಿಲ್ಲರೆ ಮಾತ್ರ ತಯಾರಾದವು. ಇಲೆಕ್ಟ್ರಾನಿಕ್ ರೂಪದಲ್ಲಿ ಈ ವಿದ್ಯೆ ನೆಲೆಯೂರಿದ್ದು 1978ರಲ್ಲಿ, ಜರ್ಮನಿಯ ಬಾಷ್ ಕಂಪನಿ ಮರ್ಸಿಡಿಸ್ ಕಾರಿಗೆ ಎಬಿಎಸ್ ಒದಗಿಸಿದಾಗ. ಬಾಷ್ ಎಂದರೆ ನಮ್ಮವರಿಗೆ ಹೊಸ ಹೆಸರೇನಲ್ಲ. ಆಡುಗೋಡಿಯ ಮೈಕೋ ಕಾರ್ಖಾನೆ ಅದರದೇ ಕುಡಿ. 2008ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಎಂದೇ ಆಯಿತು. ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಈಗಲೂ ಮೈಕೋವೇ.

ಎರಡನೆಯ ಬಗೆಯ ಜಾರುವಿಕೆಯ ಮೂಲ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗಂಟಿನಲ್ಲಿದೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನ ಗಾಲಿಗಿಂತ ಹೆಚ್ಚು ದೂರ ಓಡಬೇಕಲ್ಲವೇ? ಅದಕ್ಕೆ ಅನುವು ಮಾಡಿಕೊಡುವುದು ಈ ಗಂಟು. ಆದರೆ ಒಂದು ಗಾಲಿ ಕೆಸರಿನಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಇದ್ದರೆ, ಕೆಸರಿನದು ವೃಥಾ ಗಿರಕಿ ಹೊಡೆಯುತ್ತದೆ, ಗಟ್ಟಿ ನೆಲದ್ದು ಕದಲುವುದಿಲ್ಲ. 1971ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಲ್ಲಿ ಮ್ಯಾಕ್ಸ್‌ಟ್ರ್ಯಾಕ್ ಎಂಬ ಪುಟ್ಟ ಕಂಪ್ಯೂಟರು ಬಂತು. ಗಾಲಿ ಹುಚ್ಚಾಗಿ ಸುತ್ತತೊಡಗಿದರೆ ಅದು ಎಂಜಿನ್ನಿನ ಕಿಡಿಯನ್ನೇ ತಡೆಯುತ್ತಿತ್ತು. ಗಿರಾಕಿಗಳು ಕಾಣದೆ ಅದು ಹೆಚ್ಚು ಕಾಲ ಬಾಳಲಿಲ್ಲ. 1980ರ ದಶಕದ ನಡುವೆ ಬಾಷ್ ಅದೇ ಕೆಲಸವನ್ನು ಎಬಿಎಸ್ಸಿನ ಸಲಕರಣೆಗಳಿಂದಲೇ ಮಾಡಿಸಿತು: ಸುತ್ತುವ ಗಾಲಿಗೆ ಮಾತ್ರ ಬ್ರೇಕು, ಜೊತೆಗೆ ಎಂಜಿನ್ನಿಗೆ ಕಡಿವಾಣ. ಟ್ರ್ಯಾಕ್ಷನ್ ಕಂಟ್ರೋಲ್ ಎನ್ನುವುದು ಇದಕ್ಕೇ. ನಮ್ಮ ಅಂಗಳದಲ್ಲಿ ಎಂಜಿನ್ನಿನ ಗಂಟಲು ಹಿಡಿದಿದ್ದುದೂ ಇದೇ.

ಇಷ್ಟಾದರೂ ಕಾರು ಅಡ್ಡಡ್ಡ ಜಾರುವುದನ್ನು ತಡೆಯುವವರು ಇರಲಿಲ್ಲ. 1989ರ ಚಳಿಗಾಲದಲ್ಲಿ ಮರ್ಸಿಡಿಸ್ಸಿನ ತರುಣ ಎಂಜಿನಿಯರ್ ಫ್ರಾಂಕ್ ವೆರ್ನರ್-ಮೋನ್ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಜಾರಿ ಕಾರು ಸಮೇತ ಹಳ್ಳಕ್ಕಿಳಿದರು. ಅಲ್ಲಿ ಕುಳಿತೇ ಅವರಿಗೆ ಹೊಳೆಯಿತಂತೆ: ಒಂದೊಂದು ಗಾಲಿಗೂ ಬೇರೆ ಬೇರೆಯಾಗಿ ಬ್ರೇಕು ಹಾಕಬಲ್ಲ ಯಂತ್ರ ಇರುವಾಗ, ಅದರಿಂದಲೇ ಕಾರನ್ನು ಏಕೆ ತಿರುಗಿಸಬಾರದು? ಎತ್ತಿನಗಾಡಿ ಹೊಡೆದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಒಂದು ಬದಿಯನ್ನು ತಡೆದರೆ ಗಾಡಿ ಆ ಬದಿಗೆ ಹೊರಳುತ್ತದೆ. ಕಷ್ಟವಿದ್ದುದು, ಯಾವಾಗ ಎಷ್ಟು ತಡೆಯಬೇಕೆಂದು ತಿಳಿಯುವುದರಲ್ಲಿ. ಅದಕ್ಕೆ ಕಾರು ತನ್ನ ನಡುವಿನ ಸುತ್ತ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯಬೇಕು. ಅಂಥ ಅಳತೆಯ ಉಪಕರಣ ಆಗ ವಿಮಾನ, ರಾಕೆಟ್ಟುಗಳಿಗಷ್ಟೇ ಎಟುಕುವ ಬೆಲೆಯದು. ಬಾಷ್‌ನಲ್ಲಿದ್ದ ಹಾಲೆಂಡ್ ಮೂಲದ ಆಂಟನ್ ವಾನ್ ಜಾಂಟನ್ ಮತ್ತು ಅವರ ತಂಡ ಅದನ್ನು ಕಾರಿನ ಬೆಲೆಗೆ ಇಳಿಸಿತು. 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಇಎಸ್‌ಪಿ ಹೆಸರಿನಿಂದ ಅದು ಬಂತು. ಅದೇ ವರ್ಷ ಜಪಾನಿನಲ್ಲಿ ಟೊಯೋಟಾ ಕೂಡ ಇಂಥದೇ ಏರ್ಪಾಟನ್ನು ಮಾರುಕಟ್ಟೆಗೆ ತಂದಿತು.

ಇದರ ಕೆಲಸ ಹೀಗೆ. ಸ್ಟಿಯರಿಂಗ್ ಎಷ್ಟು ತಿರುಗಿದೆ ಎಂಬುದರಿಂದ ಚಾಲಕನ ಮನಸ್ಸು ಎತ್ತ ಇದೆಯೆಂದು ತಿಳಿಯುತ್ತದೆ. ಕಾರು ನಿಜಕ್ಕೂ ಎತ್ತ ಹೊರಳುತ್ತಿದೆಯೆಂದು ಇನ್ನೊಂದು ಉಪಕರಣ ಹೇಳುತ್ತದೆ. ಇವೆರಡನ್ನೂ ಸೆಕೆಂಡಿಗೆ 25 ಸಲ ತಾಳೆ ನೋಡುತ್ತದೆ. ಹಿಂಭಾಗ ಹೊರಕ್ಕೆ ತೂಗಿದರೆ ಹೊರಬದಿಯ ಮುಂದಿನ ಗಾಲಿಗೆ ಬ್ರೇಕು; ಕಾರು ತಿರುಗದೆ ನೇರ ಓಡಿದರೆ ಒಳಬದಿಯ ಹಿಂದಿನ ಗಾಲಿಗೆ. ಚಾರ್ಮಾಡಿಯಲ್ಲಿ ನಮಗೆ ಬೇಕಾಗಿದ್ದುದು ಆ ಮೊದಲನೆಯದು.

ಆದರೆ ಈ ರಕ್ಷೆ ದೊಡ್ಡ ಕಾರಿನವರ ಸೊತ್ತಾಗಿಯೇ ಉಳಿಯುತ್ತಿತ್ತೋ ಏನೋ, ಒಂದು ಪತ್ರಿಕೆ ಇಲ್ಲದಿದ್ದರೆ! 1997ರಲ್ಲಿ ಮರ್ಸಿಡಿಸ್ ಎ ಕ್ಲಾಸ್ ಎಂಬ ಚಿಕ್ಕ, ಎತ್ತರದ ಕಾರನ್ನು ಹೊರತಂದಿತು. ಸ್ವೀಡನ್ನಿನ ಕಾಡುದಾರಿಗಳಲ್ಲಿ ಎಲ್ಕ್ ಎಂಬ ಭಾರಿ ಗಾತ್ರದ ಜಿಂಕೆ ದಿಢೀರನೆ ಅಡ್ಡ ಬರುತ್ತದೆ. ಅದನ್ನು ತಪ್ಪಿಸಿ ಪಕ್ಕಕ್ಕೆ ಸರಿದು, ಕೂಡಲೇ ತನ್ನ ಸಾಲಿಗೆ ಮರಳುವುದು ಅಲ್ಲಿನವರು ಕಾರುಗಳಿಗೆ ಒಡ್ಡುವ ಪರೀಕ್ಷೆ. ಅಕ್ಟೋಬರ್ 21ರಂದು ತೆಕ್ನಿಕೆನ್ಸ್ ವಾರ್ಲ್ಡ್ ಪತ್ರಿಕೆಯ ರಾಬರ್ಟ್ ಕಾಲಿನ್ ಈ ಪರೀಕ್ಷೆಯಲ್ಲಿ ಕಾರನ್ನು ತಿರುಗಿಸಿದಾಗ, ಅದು ಮಗುಚಿಕೊಂಡಿತು. ಕಂಪನಿ ಮೊದಲು ಟೈರಿನ ಮೇಲೆ, ಪರೀಕ್ಷೆಯ ಮೇಲೆ ಹಾಕಿ ನೋಡಿತು. ಹಳೆಯ ಪೂರ್ವ ಜರ್ಮನಿಯ ಬಡಪಾಯಿ ಟ್ರಾಬಾಂಟ್ ಕಾರು ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂಬ ಸುದ್ದಿ ಬಂದಾಗ ಜರ್ಮನಿಯೆಲ್ಲ ನಕ್ಕಿತು. ನವೆಂಬರಿನಲ್ಲಿ ಮಾರಾಟ ನಿಲ್ಲಿಸಿ, ಮಾರಿದ್ದನ್ನೂ ವಾಪಸು ಕರೆಸಿ, 1998ರ ಫೆಬ್ರವರಿಯಿಂದ ಪ್ರತಿ ಎ ಕ್ಲಾಸಿಗೂ ಇಎಸ್‌ಪಿ ಜೋಡಿಸಿ ಕೊಟ್ಟರು. ಖರ್ಚು ಸುಮಾರು 30 ಕೋಟಿ ಮಾರ್ಕು. ಚಿಕ್ಕ ಕಾರಿಗೆ ಬಂದದ್ದನ್ನು ದೊಡ್ಡ ಕಾರುಗಳಿಗೆ ನಿರಾಕರಿಸುವುದು ಹೇಗೆ? ಒಂದು ಮುಖಭಂಗದಿಂದ ಎಷ್ಟು ಜೀವ ಉಳಿದವೋ, ಕಾಲಿನ್‌ರಿಗೆ ಯಾರೂ ಗುಡಿ ಕಟ್ಟಿಸಿದಂತೆ ಕಾಣೆ.

ಲೆಕ್ಕವೂ ಇದೆ. ಒಂಟಿ ವಾಹನಗಳ ಮಾರಕ ಅಪಘಾತದ ಸಂಭವ ಇದರಿಂದ ನೂರಕ್ಕೆ 56ರಷ್ಟು ಇಳಿಯುತ್ತದೆಂದು ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷಾ ಸಂಸ್ಥೆ 2006ರಲ್ಲಿ ಹೇಳಿತು. ಮರುವರ್ಷವೇ ಅಲ್ಲಿನ ಸರಕಾರ ನಿಯಮ ಮಾಡಿ, 2012ರ ಮಾದರಿಯ ಹೊತ್ತಿಗೆ ಎಲ್ಲ ಕಾರುಗಳಿಗೂ ಕಡ್ಡಾಯಗೊಳಿಸಿತು. ಯುರೋಪಿನಲ್ಲಿ 2014. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಹೆಚ್ಚು ನಕ್ಷತ್ರ ಬೇಕೆನ್ನುವ ಕಾರಿಗೆ ಸ್ಥಿರತೆಯ ಈ ಏರ್ಪಾಟು ಇರಲೇಬೇಕು.

ಹಾಗಾದರೆ ಆ ಗುಂಡಿಯನ್ನು ಇಟ್ಟದ್ದೇಕೆ? ಕೆಸರು, ಮರಳು, ಆಳದ ಹಿಮದಲ್ಲಿ ಗಾಲಿ ಕೊಂಚ ಸುತ್ತಿ ಅಡಿಯ ಗಟ್ಟಿ ನೆಲ ಹುಡುಕಬೇಕು. ಅಲ್ಲಿ ಯಂತ್ರದ ಅತಿಜಾಗ್ರತೆಯೇ ಅಡ್ಡಿ. ಪಕ್ಕದ ಮನೆಯ ಹುಡುಗ ಹೇಳಿದ್ದು ತಪ್ಪಲ್ಲ. ಕೆಲವು ಕಾರುಗಳಲ್ಲಿ ಗುಂಡಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ಹೋಗುತ್ತದೆ, ಒತ್ತಿ ಹಿಡಿದರೆ ಎರಡೂ. ಕೆಲವು ಕಾರುಗಳಲ್ಲಿ ವೇಗ ಏರಿದೊಡನೆ ತಾನಾಗಿ ಮರಳುತ್ತದೆ. ಘಾಟಿಯಲ್ಲಿ ಅಂಥ ವೇಗವೆಲ್ಲಿ? ನಮ್ಮವನು ಗಾಬರಿಯಲ್ಲಿ ಒತ್ತಿ ಹಿಡಿದೇ ಇದ್ದನಂತೆ. ಆಫ್ ಆಗಿದೆಯೆಂದು ಹೇಳುವ ದೀಪ ದಾರಿಯುದ್ದಕ್ಕೂ ಉರಿಯುತ್ತಲೇ ಇತ್ತು. "ನೋಡಿದ್ದೆ ಮಾವ, ಕೆಸರು ನುಗ್ಗಿ ಏನೋ ಕೆಟ್ಟಿರಬೇಕು, ಮುಂಬಯಿಯಲ್ಲಿ ತೋರಿಸೋಣ ಅಂದುಕೊಂಡೆ" ಎಂದ.

ಅಮೆರಿಕದ ಆ ನಿಯಮದಲ್ಲಿ ಇನ್ನೊಂದು ಮಾತಿದೆ. ಚಾಲಕ ಆಫ್ ಮಾಡಿದ್ದರೂ, ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದೊಡನೆ ಅದು ತಾನಾಗಿ ಕೆಲಸಕ್ಕೆ ಮರಳಬೇಕು. ಹೆಚ್ಚಿನ ಕಾರುಗಳು ಹೀಗೆಯೇ ಇವೆ, ನಮ್ಮದೂ ಹೀಗೆಯೇ. ಘಾಟಿ ಇಳಿಯುವ ಮುನ್ನ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸೋಣವೆಂದು ತಂಗಿ ಎರಡು ಸಲ ಹೇಳಿದ್ದಳು. ಹೊತ್ತಾಯಿತೆಂದು ಬೇಡ ಎಂದವನು ನಾನು.