ಹಾಸು ಒಂದು, ಹೊಕ್ಕು ನೂರು

ಜಮೈಕಾ ದ್ವೀಪದ ಜನಪ್ರಿಯ ಗಾನದಲ್ಲಿ ‘ರಿಡಿಮ್’ ಎಂಬುದೊಂದು ಪಾರಿಭಾಷಿಕ ಶಬ್ದವುಂಟು. ಲಯವೆಂಬರ್ಥದ ಆಂಗ್ಲಪದವು ಅಲ್ಲಿಯ ಜನರ ಬಾಯಲ್ಲಿ ತಳೆದ ರೂಪವಿದು. ಕನ್ನಡದ ‘ಮಟ್ಟು’ ಎಂಬ ಮಾತು ಇದಕ್ಕೆ ಸಮೀಪವಾದುದು. ಆದರೆ ಮಟ್ಟು ಹಾಡಿನ ಧಾಟಿಯನ್ನು ಸೂಚಿಸಿದರೆ, ರಿಡಿಮ್ ಹಾಡಿನ ಅಡಿಯಲ್ಲಿರುವ ಮಂದ್ರಸ್ವರ ಮತ್ತು ತಾಳಗಳ ಹಾಸನ್ನು ಸೂಚಿಸುತ್ತದೆ. ಹಾಸು ಒಂದೇ, ಅದರ ಮೇಲೆ ಒಬ್ಬೊಬ್ಬ ಗಾಯಕನು ನೆಯ್ಯುವ ಹೊಕ್ಕು ಬೇರೆ ಬೇರೆ.

ಈ ಪದ್ಧತಿ ಹಳೆಯದು. ಕಿಂಗ್‌ಸ್ಟನ್ ನಗರದಲ್ಲಿ ಕ್ಲೆಮೆಂಟ್ ಡಾಡ್ ಎಂಬವರು ನಡೆಸುತ್ತಿದ್ದ ‘ಸ್ಟುಡಿಯೋ ಒನ್’ ಧ್ವನಿಮುದ್ರಣಶಾಲೆಯಲ್ಲಿ 1967ರ ಸುಮಾರಿಗೆ ‘ಸೌಂಡ್ ಡೈಮೆನ್ಷನ್’ ಮೇಳದವರು ನುಡಿಸಿದ ‘ರಿಯಲ್ ರಾಕ್’ ಎಂಬ ವಾದ್ಯಕೃತಿಯು ಮುಂದೆ ಅಸಂಖ್ಯ ಹಾಡುಗಳಿಗೆ ಹಾಸಾಯಿತು. ಹಾಡುಗಳು ಬೆಳೆದವು, ಆದರೆ ಇಂತಹ ಹಾಸುಗಳನ್ನು ನೆಯ್ದ ಅನೇಕ ವಾದ್ಯಗಾರರಿಗೆ ದಕ್ಕಿದುದು ಆ ಹೊತ್ತಿನ ಸಂಭಾವನೆ ಮಾತ್ರ.

1985ರಲ್ಲಿ ಈ ಪದ್ಧತಿಯೇ ಮಗ್ಗುಲು ಬದಲಿಸಿತು. ನೋಯೆಲ್ ಡೇವಿ ಎಂಬ ತರುಣನ ಬಳಿ ಜಪಾನಿನ ಕ್ಯಾಸಿಯೋ ಕಂಪೆನಿಯ ‘ಎಂ.ಟಿ.-40’ ಎಂಬ ಸಣ್ಣ ವಿದ್ಯುತ್ ಕೀಲಿಮಣೆಯಿತ್ತು. ಅದರಲ್ಲಿ ಮೊದಲೇ ಅಳವಟ್ಟಿದ್ದ ‘ರಾಕ್’ ಎಂಬ ತಾಳವು ಅವನಿಗೂ ಗಾಯಕ ವೇಯ್ನ್ ಸ್ಮಿತ್‌ಗೂ ಮೆಚ್ಚಾಯಿತು. ವಾಟರ್‌ಹೌಸ್ ಬಡಾವಣೆಯ ಕಿಂಗ್ ಜ್ಯಾಮಿ ಅದರ ವೇಗವನ್ನು ತಗ್ಗಿಸಿ, ಪಿಯಾನೋ ನಾದವನ್ನು ಬೆರಸಿದರು. ಹೀಗೆ ಜನಿಸಿದುದು ‘ಅಂಡರ್ ಮಿ ಸ್ಲೆಂಗ್ ಟೆಂಗ್’. ಅದೇ ವರ್ಷದ ಫೆಬ್ರವರಿ 23ರಂದು ವಾಲ್ಥಮ್ ಪಾರ್ಕ್ ರಸ್ತೆಯಲ್ಲಿ ಬ್ಲ್ಯಾಕ್ ಸ್ಕಾರ್ಪಿಯೋ ತಂಡದೊಡನೆ ನಡೆದ ಧ್ವನಿವರ್ಧಕಗಳ ಸ್ಪರ್ಧೆಯಲ್ಲಿ ಜ್ಯಾಮಿ ಇದನ್ನು ಕೇಳಿಸಿದಾಗ ಜನಸಮೂಹವು ಬೆರಗಾಯಿತು. ಟೆನರ್ ಸಾ ‘ಪಂಪ್‌ಕಿನ್ ಬೆಲ್ಲಿ’ಯನ್ನೂ ಜಾನಿ ಆಸ್ಬೋರ್ನ್ ‘ಬಡಿ ಬೈ’ಯನ್ನೂ ಇದೇ ಹಾಸಿನ ಮೇಲೆ ಹಾಡಿದರು, ಶುಗರ್ ಮೈನಾಟ್ ಮೊದಲಾದವರು ಹಿಂಬಾಲಿಸಿದರು. ಬಳಿಕ ಹುಟ್ಟಿದ ಹಾಡುಗಳು ನೂರಾರು. ಆದರೆ ಯಂತ್ರವೊಂದೇ ಹಾಸನ್ನು ನೆಯ್ಯಬಲ್ಲುದಾದ ಮೇಲೆ ಮೇಳದವರಿಗೆ ಕೆಲಸವು ಕುಗ್ಗಿತೆಂಬುದೂ ಈ ಕಥೆಯ ಭಾಗವೇ.

ಆ ತಾಳವನ್ನು ಯಂತ್ರದೊಳಗಿಟ್ಟವರಾರು? 1980ರಲ್ಲಿ ಕ್ಯಾಸಿಯೋ ಸೇರಿದ ಓಕುದಾ ಹಿರೋಕೊ ಎಂಬ ತರುಣಿ. ಕುನಿತಾಚಿ ಸಂಗೀತ ಮಹಾವಿದ್ಯಾಲಯದಲ್ಲಿ ಓದುತ್ತಿದ್ದಾಗ ಆಕೆ ಪ್ರಬಂಧಕ್ಕೆ ಆರಿಸಿಕೊಂಡುದು ಜಮೈಕಾದ ರೆಗ್ಗೆ ಗಾನವನ್ನೇ! ದ್ವೀಪದಿಂದ ಹೊರಟ ನಾದವು ಆಕೆಯ ಕಿವಿಯ ಮೂಲಕ ಯಂತ್ರವನ್ನು ಹೊಕ್ಕು, ಮತ್ತೆ ದ್ವೀಪಕ್ಕೇ ಮರಳಿತೆಂದರೆ ತಪ್ಪಾಗದು. ಗಾಯಕನ ಹೆಸರು ಊರೂರು ತಿರುಗುತ್ತಿದ್ದಾಗ ಆಕೆಯ ಹೆಸರು ಬಹುಕಾಲ ಕೇಳುಗರಿಗೆ ತಿಳಿಯದೆಯೇ ಉಳಿಯಿತು.

ವೇಯ್ನ್ ಸ್ಮಿತ್ 2014ರಲ್ಲಿ ಕಾಲವಾದರು. ಆ ಹಾಸು ಯಾರದು? ಅಳವಡಿಸಿದಾಕೆಯದೆ, ಕಂಡುಕೊಂಡವನದೆ, ತಿದ್ದಿದವನದೆ, ಹಾಡಿದವರದೆ? ಎಲ್ಲರ ಪಾಲೂ ಅದರಲ್ಲಿ ಉಂಟು. ಕಲೆಯು ಹಂಚಿಕೊಂಡಷ್ಟೂ ಬೆಳೆಯುವ ಸೊತ್ತು, ನಿಜ; ಆದರೆ ಹೊಕ್ಕಿನ ಬಣ್ಣಕ್ಕೆ ಮಾರುಹೋಗಿ ಹಾಸನ್ನು ಹಾಕಿದವರನ್ನು ಮರೆತರೆ ಆ ಹಂಚಿಕೆಯು ನ್ಯಾಯವೆನಿಸದು. ಅವರ ಹೆಸರನ್ನು ಅರಸಿ ಸ್ಥಾನದಲ್ಲಿರಿಸುವುದು ಇತಿಹಾಸದ ಕರ್ತವ್ಯ.